ಇಲ್ಲಿ ಸಿಗ್ನಲ್ಲೇ ಇಲ್ಲ

ಫಿಲೋಮಿನಾ ಟೀಚರ್ ಹೇಳಿದ್ರು: ಅರ್ಧ ತಾಸು ಕೊಡ್ರಿ,
ಪೂರಾ ಬ್ಯಾಡ ಅಂದ್ರ ಹುಡುಗ್ರು ಕದ್ದು ಆಡತಾವ.
ಎದುರಿನ ಕ್ವಾರ್ಟರ್ಸಿನ ಗಫಾರ ಸಾಹೇಬ್ರು ಮಗನ ಮೊಬೈಲು
ಜ್ವಾಳದ ಡಬ್ಬ್ಯಾಗ ಹುಗದಿಟ್ಟು, ಎಲ್ಲಿಟ್ಟೆ ಅಂತ ತಾವ ಮರತು
ಮನೀ ತುಂಬ ಹುಡುಕ್ಯಾರ.
ನಮ್ಮ ಮನ್ಯಾಗ ವಾದ ಇಲ್ಲ.
ಇವರು ಡ್ಯೂಟಿಗೆ ಹೊಂಟ್ರಂದ್ರ ಕಂಪ್ಯೂಟರಿನ ವಾಯರ್ ಕಿತ್ತು
ಸುತ್ತಿ, ಲೈನ್ ಬಾಕ್ಸಿನಾಗ ಇಟಗೊಂಡು ಹೋಗತಾರ,
ಕೆಂಪು ಹಸರು ಬಾವುಟದ ಜೋಡಿ.

ಯಾಕ, ಅಂತ ಕೇಳೀನಿ.
ಕಣ್ಣು ಹೋಗತಾವ.
ಟಿವಿ ನೋಡಿದ್ರ ಹೋಗೂದಿಲ್ಲೇನು?
ಅಭ್ಯಾಸ.
ಗಣಿತಕ್ಕ ತೊಂಬತ್ತೆರಡು ತಗೊಂಡಾನಲ್ಲ?
ಚಹಾ ಆರೂತನಕ ಸುಮ್ಮನ ಕುಂತ್ರು.

ನಾ ದುರ್ಗದಬೈಲಿಗೆ ಹೋಗಿ
ಬ್ಲೌಸ್ ಹೊಲದ ರೊಕ್ಕದಾಗ ನೂರಾ ಇಪ್ಪತ್ತು ಕೊಟ್ಟು
ಇನ್ನೊಂದು ವಾಯರ್ ತಂದೆ.

ಓಮ್ಯಾ ಆಡೂದರ ಏನು? ಬಂದೂಕಲ್ಲ, ಕುಸ್ತಿಯಲ್ಲ.
ರೈಲು.
ಹಿಮ ಬೀಳೂ ಯಾವುದೋ ದೇಶ, ಸ್ಟೇಶನ್ ಹೆಸರು ಓದಾಕ
ನಾಲಗಿ ಹೊಳ್ಳೂದಿಲ್ಲ. ಅಲ್ಲಿ ನನ್ನ ಮಗ ಡ್ರೈವರ್.
ಇವರು ರಾತ್ರಿ ಗುಂತಕಲ್ ಗಾಡಿ ತಗೊಂಡು ಹೋದ್ರ
ಇನ್ನೊಂದು ಗಾಡಿ ನಮ್ಮ ಪಡಸಾಲ್ಯಾಗಿಂದ ಹೊರಡತಿತ್ತು.
ಎರಡಕ್ಕೂ ನಾನೊಬ್ಬಾಕಿನ ಕಾಯಾಕಿ.

ಆವತ್ತು ಗಾಡಿ ರದ್ದಾಗಿ ಇವರು ಹತ್ತಕ್ಕ ತಿರುಗಿ ಬಂದ್ರು.
ಪರದೇ ಮ್ಯಾಲ ಗೇಟಿನ್ಯಾಗ ಲಾರಿಯೊಂದು ಅಡ್ಡ ನಿಂತಿತ್ತು.
ಓಮ್ಯಾ ಬ್ರೇಕ್ ಹಾಕಲಿಲ್ಲ. ಬೇಕಂತ.
ಲಾರಿ ಹಾರಿತು, ಚೂರಾತು, ಹುಡುಗ ಖೊಕ್ಕಂತ ನಕ್ಕ.
ಒಂದು ಗುಂಡಿ ಮಿಣುಕಿತು: ಮತ್ತ ಶುರು ಮಾಡ್ಲೇನು?

ವಾಯರ್ ನಂದು, ಬೈದ್ರ ನನಗ ಬೈರಿ ಅನ್ನಾಕ
ಬಾಯಿ ತೆರದಿದ್ದೆ.
ಇವರು ಬೂಟ ಬಿಚ್ಚಲಿಲ್ಲ. ಕುರ್ಚಿ ಎಳಕೊಂಡ್ರು.
"ಅತ್ತಾಗ ಸರಿ."

ಹಿಮದಾಗ ಗಾಡಿ ಹೊಂಟಿತು.
ಇವರ ಬೆರಳಿಗೆ ಆ ಕೀಲಿಗಳು ಸಣ್ಣವು.
"ಬೋರ್ಡ್ ಕಾಣಸಂಗಿಲ್ಲೇನು? ಹಾರನ್ ಹಾಕು."
"ಅಪ್ಪಾ, ಹಾರನ್ನಿಗೆ ಪಾಯಿಂಟ್ ಇಲ್ಲ."
"ಪಾಯಿಂಟಿಗೆ ಹಾಕತಾರೇನೋ ಹಾರನ್ನ?"
ಹಳದಿ ಬಂತು, ಇಳಿಸಿದ್ರು.
ಹಸರು ಬಂದಾಗ ದೊಡ್ಡಕ "ಹಸರು" ಅಂದ್ರು,
ಮಗ್ಗಲಿನ ಸೀಟಿನ್ಯಾಗ ಅಸಿಸ್ಟೆಂಟ್ ಕುಂತಾನ ಅನ್ನೂಹಂಗ.
ಓಮ್ಯಾ ಮುಖ ನೋಡಿದ. ಆಮ್ಯಾಲ ಅಂವನೂ ಅಂದ, "ಹಸರು."

ಮುಂದ ಗೇಟಿಲ್ಲ, ಊರಿಲ್ಲ,
ಎರಡೂ ಕಡೆ ಬಿಳೇ ಬಯಲು.
ಅಲ್ಲಿ ಇವರು ಗಾಡಿ ನಿಂದರಿಸಿದ್ರು.
"ಅಪ್ಪಾ, ಇಲ್ಲಿ ಸಿಗ್ನಲ್ಲೇ ಇಲ್ಲ."
"ಹೂಂ."
"ಮತ್ಯಾಕ ನಿಂತಿ?"

ಐದು ವರ್ಷದ ಹಿಂದ, ಹೆಬಸೂರ ದಾಟಿ,
ಕಡ್ಲಿ ಕೀಳೂ ದಿನಗೋಳು, ಮುಂಜಾನಿ ಮಬ್ಬು,
ಒಂದು ಹಳದಿ ಸೀರಿ.
ನನಗ ಹೇಳಿದ್ದು ಇಷ್ಟ.
ಬ್ರೇಕ್ ಒತ್ತಿದ್ರ ನಿಲ್ಲಾಕ ರೈಲು ಸೈಕಲ್ಲಲ್ಲ.
ಇವರ ತಪ್ಪಿಲ್ಲ ಅಂತ ಸಾಹೇಬ್ರು ಬರದ ಕಾಗದ
ಬೀರುವಿನ್ಯಾಗ, ನನ್ನ ಹೊಲಗಿ ಬಿಲ್ಲಿನ ಕೆಳಗ ಐತಿ.
ಯಮನೂರಪ್ಪ, ಲೋಕೋ ಪೈಲಟ್, ನಿರ್ದೋಷಿ.

ಪರದೇ ಲೇಟಾತು ಅಂತ ಅಂಕ ಕಳೀತಿತ್ತು.
ಹತ್ತು. ಇಪ್ಪತ್ತು.
ಹಿಮ ಬೀಳತಾನ ಇತ್ತು.
"ದಾಟಿದ್ಲು," ಅಂದ್ರು ಇವರು. "ಇನ್ನ ಬಿಡು."
"ಯಾರು?"
ಎದ್ದು ಬೂಟ ಬಿಚ್ಚಾಕ ಹ್ವಾದ್ರು.

ಈಗ ವಾಯರ್ ಕ್ಯಾಲೆಂಡರಿನ ಮಳಿಗಿ ಜೋತು ಬಿದ್ದೈತಿ,
ಎರಡೂ.
ದಿನಾ ಅರ್ಧ ತಾಸು. ಹಾರನ್ ಹಾಕಬೇಕು,
ಸಿಗ್ನಲ್ ಬಂದ್ರ ಒಲಿ ಮುಂದಿನ ನನಗ ಕೇಳೂಹಂಗ ಒದರಬೇಕು.
ಇದು ಸರಿಯೋ, ತಪ್ಪೋ,
ಟೀಚರ್ ಕೇಳಿದ್ರ ನನ್ನ ಹಂತ್ಯಾಕ ಉತ್ತರ ಇಲ್ಲ.
ನಿನ್ನಿ ಮತ್ತೊಂದು ಲಾರಿ ಹಾರಿಸಿ ನಕ್ಕ.
ರೊಟ್ಟಿ ಬಡಿಯೂದು ನಿಂದರಿಸಿ ಕೇಳಿದೆ.
ಹನ್ನೆರಡು ವರ್ಷದ ಹುಡುಗ,
ನಗಲಿ.